ಗಲ್ಲಮೀಸೆಯ ಟ್ರೇನರ್

ಘಾಟ್ಕೋಪರಿನ ತರಬೇತಿ ಕೇಂದ್ರದಲ್ಲಿ ಮುರಿಗೆಪ್ಪ ಮಾರುತ್ತಿದ್ದ ಸರಕು ಧೈರ್ಯ. ತನ್ನ ಅಂಗಡಿಯಲ್ಲಿ ಚೂರೂ ಇಲ್ಲದ ಸರಕನ್ನು ಇಷ್ಟು ವರ್ಷ ಮಾರಿದ ಜಾಣತನವನ್ನು ಯಾವ ಪೇಟೆಯಾದರೂ ಮೆಚ್ಚಬೇಕು.

ಟ್ಯಾಂಕರ್ ಉರುಳಿ ವಿಷಗಾಳಿ ಹೊರಬಿದ್ದರೆ, ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿದರೆ, ಎಲ್ಲರಿಗಿಂತ ಮೊದಲು ಒಳಗೆ ನುಗ್ಗಬೇಕಾದ ಹುಡುಗರಿಗೆ ಕಲಿಸುವುದು ಆತನ ಕೆಲಸ. ಮೈಕು ಕೈಗೆ ಬಂತೆಂದರೆ ಕನ್ನಡ ಸಂಘದ ನಾಟಕದಲ್ಲಿ ತಾನು ಮಾಡಿದ್ದ ಸೇನಾಪತಿಯ ಪಾತ್ರವೇ ಮೈಮೇಲೆ ಬರುತ್ತಿತ್ತು. ಆ ಪಾತ್ರಕ್ಕೆಂದು ಬಿಟ್ಟ ಮೀಸೆ ಪರದೆ ಬಿದ್ದ ಮೇಲೂ ಇಳಿಯಲಿಲ್ಲ. ಮೂಗಿನ ಕೆಳಗಿಂದ ಹೊರಟು ಎರಡೂ ಗಲ್ಲ ದಾಟಿ ಕಿವಿ ಮುಟ್ಟುವ ಗಲ್ಲಮೀಸೆ ಅದು.

ಸಂಕಟವೆಂದರೆ ಆತ ಕಲಿಸಬೇಕಾದ ಮೊದಲ ಪಾಠವೇ ಕ್ಷೌರ. ಗಲ್ಲದ ಮೇಲೆ ಕೂದಲಿದ್ದರೆ ವಿಷಗಾಳಿ ತಡೆಯುವ ಮಾಸ್ಕಿನ ರಬ್ಬರು ಚರ್ಮಕ್ಕೆ ಕೂಡುವುದಿಲ್ಲ. ಸಂದಿನಲ್ಲಿ ವಿಷ ನುಸುಳುತ್ತದೆ.

"ಸರ, ಮತ್ತ ನಿಮ್ಮದು?" ಎಂದು ಕೇಳುವವನೊಬ್ಬ ಪ್ರತಿ ತಂಡದಲ್ಲೂ ಇರುತ್ತಿದ್ದ.

"ನಾ ಕಲಸಾಂವಲೇ ತಮ್ಮಾ, ಒಳಗ ಹೋಗಾಂವಲ್ಲ," ಎಂದು ಮುರಿಗೆಪ್ಪ ಮಾಸ್ಕನ್ನು ಮುಂದಿನ ಸಾಲಿನ ಯಾರಾದರೊಬ್ಬನ, ಈ ಸಲ ಪ್ರಶಾಂತನೆಂಬ ಹುಡುಗನ, ಮುಖಕ್ಕೆ ಕಟ್ಟಿ, ಅವನ ತಲೆ ತಟ್ಟಿ, ಚಪ್ಪಾಳೆ ಮಾತ್ರ ತಾನು ತೆಗೆದುಕೊಳ್ಳುತ್ತಿದ್ದ.

ಈ ವರ್ಷ ಕೇಂದ್ರದವರು ಹೊಸ ನಿಯಮ ತಂದರು. ಕಲಿಸುವವರೂ ಮಾಸ್ಕ್ ಪರೀಕ್ಷೆಯಲ್ಲಿ ಪಾಸಾಗಬೇಕು. ಇಲ್ಲವಾದರೆ ಬೆನ್ನ ಮೇಲೆ 'ಟ್ರೇನರ್' ಎಂದು ಬರೆದ ಕಿತ್ತಳೆ ಜಾಕೆಟ್ಟು ವಾಪಸ್ಸು ಕೊಡಬೇಕು. ಮುರಿಗೆಪ್ಪನಿಗೆ ಊಟ ಸೇರಲಿಲ್ಲ. ಜಾಕೆಟ್ಟೂ ಬೇಕು, ಮೀಸೆಯೂ ಬೇಕು.

"ಬೋಳಿಸಿ ಬಿಡ್ರಿ. ತಿಂಗಳೊಪ್ಪತ್ತಿನಾಗ ಮತ್ತ ಬರತದ," ಎಂದಳು ಹೆಂಡತಿ ಸುಂದ್ರವ್ವ.

"ಲೋಕಲ್ ಟ್ರೇನಿನಾಗ ಮಂದಿ ನನ್ನ ನೋಡಿ ಸರದು ಜಾಗಾ ಕೊಡತಾರ, ಗೊತ್ತದ ಏನ?"

"ಕುಸ್ತಿ ಆಡಾಂವ ಇರಬೇಕು ಅಂತ ಹೆದರಿ ಕೊಡತಾರ. ಮನ್ಯಾಗ ಹಲ್ಲಿ ಕಂಡರ ಕುರ್ಚಿ ಹತ್ತೋದು ನನಗಷ್ಟ ಗೊತ್ತು."

ಮುರಿಗೆಪ್ಪ ಮೀಸೆಗೆ ವ್ಯಾಸಲೀನ್ ಮೆತ್ತಿ ಗಲ್ಲಕ್ಕೆ ಒತ್ತಿಕೊಂಡು ಪರೀಕ್ಷೆಗೆ ಹೋದ.

ಪರೀಕ್ಷೆ ಮಾಡುವವಳು ಬುಷರಾ. ಹಿರಿಯರು ಕಲಬುರ್ಗಿ ಕಡೆಯವರು, ಹುಟ್ಟಿದ್ದು ಇಲ್ಲೇ. ಮಾಸ್ಕ್ ಕಟ್ಟಿದವನ ತಲೆಗೆ ಭುಜದವರೆಗೂ ಇಳಿಯುವ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ಅದರೊಳಗೆ ಕಹಿ ದ್ರವ ಸಿಂಪಡಿಸುತ್ತಾಳೆ. ಮಾಸ್ಕ್ ಸರಿಯಾಗಿ ಕೂತಿದ್ದರೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಕಹಿಯಾಯಿತೋ ಇಲ್ಲವೋ ಎಂದು ಹೇಳಬೇಕಾದವನು ಮಾತ್ರ ಒಳಗಿರುವವನೇ. ಇಂಥ ತಕ್ಕಡಿಯನ್ನು ಮುರಿಗೆಪ್ಪನ ಕೈಗೆ ಕೊಟ್ಟವರು ಪುಣ್ಯವಂತರು!

"ಕಾಕಾ, ಮಾತಾಡ್ಕೋತ ಇರ್ರಿ. ಕಡವಾ ಲಗಾ ತೋ ಕೈ ಎತ್ರಿ."

ಮೊದಲ ಸಿಂಪಡಿಕೆಗೇ ಬೇವಿನ ಕಷಾಯ ಕುಡಿದಂತಾಯಿತು. ಎರಡನೆಯದಕ್ಕೆ ಗಂಟಲೇ ಮಡಚಿಕೊಂಡಿತು. ಮುರಿಗೆಪ್ಪ ಕೈ ಎತ್ತಲಿಲ್ಲ. ಕಣ್ಣಲ್ಲಿ ನೀರಾಡುತ್ತಿದ್ದರೂ ಸೇನಾಪತಿಯ ಮಾತುಗಳನ್ನು ಕೊನೆಯವರೆಗೂ ಒದರಿದ. ಬದುಕಿನಲ್ಲಿ ಆತ ನಿಜವಾಗಿ ಸಹಿಸಿದ ಕಷ್ಟ ಅದೊಂದೇ, ಅದೂ ಸುಳ್ಳಿಗಾಗಿ.

"ಕಹಿ ಆಯ್ತ?"

"ನೀರಿನಷ್ಟ ಸಪ್ಪಗ."

ಬುಷರಾ ಮೀಸೆಯನ್ನೂ ಒದ್ದೆ ಕಣ್ಣನ್ನೂ ನೋಡಿದಳು. ನಿಯಮ ಅವನ ಮಾತನ್ನೇ ಕೇಳೆಂದಿತ್ತು, ಪಾಸು ಮಾಡಿದಳು.

ಮರುದಿನ ಹೊಗೆಕೋಣೆಯ ತಾಲೀಮು. ಅಲ್ಲಿ ಬಿಡುವ ಹೊಗೆಯಿಂದ ಜೀವಕ್ಕೆ ಅಪಾಯವಿಲ್ಲ. ಗಂಟಲು ಕೆರೆದು ಕಣ್ಣು ಉರಿಸುತ್ತದೆ, ಅಷ್ಟೆ. ಹುಡುಗರು ಗಡ್ಡ ಬೋಳಿಸದೇ ಬಂದಿದ್ದರು, ಮುಖಕ್ಕೆಲ್ಲ ವ್ಯಾಸಲೀನ್.

"ಇದೇನ್ರೋ?" ಎಂದಳು ಬುಷರಾ.

"ಸರದ್ದು ಪಾಸ್ ಆಗೇದಲ್ಲ ಮೇಡಂ, ವ್ಯಾಸಲೀನ್ ಹಚ್ಚೂದು ಅವರ ಮೀಸಿ ನೋಡೇ ಕಲ್ತೀವಿ," ಎಂದ ಪ್ರಶಾಂತ. "ಇನ್ನ ರೇಝರ್ ಯಾಕ ಬೇಕ್ರಿ?"

ಬುಷರಾ ಮುರಿಗೆಪ್ಪನ ಕಡೆ ತಿರುಗಿದಳು. "ನಿಮ್ಮ ಮಾತೇ ಕೇಳತಾರ. ಬೋಲೋ ಕಾಕಾ, ಒಳಗ ಬಿಡ್ಲಾ?"

ನಿನ್ನೆ ಕಹಿಯಾಗಿತ್ತು ಎಂದಿದ್ದರೆ ಸಾಕಿತ್ತು. ಮುರಿಗೆಪ್ಪ ಜಾಕೆಟ್ಟಿನ ಗುಂಡಿ ಹಾಕಿಕೊಂಡು, "ಹೋಗಲಿ. ಗಟ್ಟಿ ಆಗಲಿ ಹುಡುಗೂರು," ಎಂದ.

ಹೋದಷ್ಟೇ ಬೇಗ ಹೊರಬಂದರು. ಒಬ್ಬ ವಾಂತಿ ಮಾಡಿಕೊಂಡ. ಪ್ರಶಾಂತ ನಲ್ಲಿಯ ಕೆಳಗೆ ತಲೆಯಿಟ್ಟು ಕೆಮ್ಮಿದ.

"ಅಮೋನಿಯಾ ಆಗಿದ್ರ ಈಗ ಆಂಬ್ಯುಲೆನ್ಸ್ ಕರೀಬೇಕಿತ್ತು," ಎಂದು ಬುಷರಾ ಅವನು ಕಳಚಿದ ಮಾಸ್ಕನ್ನು ಮುರಿಗೆಪ್ಪನ ಎದೆಗೆ ಹಿಡಿದಳು. "ನೀವು ಪಾಸ್ ಆದವ್ರು. ಹೋಗಿ ತೋರಿಸ್ರಿ."

"ನನಗ ಬಿಪಿ ಅದ."

"ಬಿಪಿ ಇಲ್ಲ ಅಂತ ನಿನ್ನೆ ಪರೀಕ್ಷೆ ಫಾರ್ಮಿಗೆ ಸಹಿ ಮಾಡೀರಿ. ಯಾವ್ದು ಝೂಟ್ ಕಾಕಾ, ನಿನ್ನಿದಾ, ಇವತ್ತಿಂದಾ?"

ಮುರಿಗೆಪ್ಪ ಕಹಿಯ ಸುಳ್ಳನ್ನೂ ಬಿಪಿಯ ಸುಳ್ಳನ್ನೂ ಮನಸ್ಸಿನಲ್ಲೇ ತೂಗಿದ. ಕಹಿಯನ್ನು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ, ಬಿಪಿಗಾದರೆ ಕನಿಕರ ಸಿಗುತ್ತದೆ. ಜಾಕೆಟ್ಟಂತೂ ಹೇಗೂ ಉಳಿಯದು. ಅಗ್ಗದ್ದನ್ನೇ ಆರಿಸಿದ.

"ಬಿಪಿ ಖರೇನೇ ಅದವ್ವ. ಸಹಿ ಮಾಡೂ ಮುಂದ ನೆನಪಾಗಲಿಲ್ಲ," ಎಂದು ಜಾಕೆಟ್ಟು ಬಿಚ್ಚಿ, ನೀಟಾಗಿ ಮಡಚಿ ಮೇಜಿನ ಮೇಲಿಟ್ಟ. ಬುಷರಾ ಹುಡುಗರನ್ನು ಹಜಾಮನ ಅಂಗಡಿಗೆ ಅಟ್ಟುತ್ತಿದ್ದಳು. ಮುರಿಗೆಪ್ಪ ಬಾಗಿಲಲ್ಲಿ ನಿಂತು, ಇನ್ನೂ ಕಣ್ಣು ಬಿಡಲಾಗದ ಪ್ರಶಾಂತನ ಹೆಗಲ ಮೇಲೆ ಕೈಯಿಟ್ಟ.

"ಆರೋಗ್ಯ ನೋಡ್ಕೋಬೇಕು ತಮ್ಮಾ," ಎಂದ. "ನನ್ನ ನೋಡು, ಟೈಮಿಗೆ ಈ ಕೆಲಸಾ ಬಿಟ್ಟುಬಿಟ್ಟೆ."