ವಡಪಳನಿಯಲ್ಲಿ ಮಗಳನ್ನು ಇಳಿಸಿಕೊಂಡವರು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖದ ಮೇಲೆಯೇ ನಗುತ್ತಿದ್ದವಳು ನಾನು. ಮಂಡ್ಯದ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ವರ್ಷದ ಮೊದಲ ದಿನ ಬೋರ್ಡಿನ ಮೇಲೆ ಬರೆದೇ ಪಾಠ ಶುರು ಮಾಡುತ್ತಿದ್ದೆ. ನಮ್ಮತ್ತೆ ಬಾವಿಕಟ್ಟೆಯ ದೆವ್ವದ ಸುದ್ದಿ ತೆಗೆದರೆ, “ಅದುಕ್ಕೆ ಊಟ ಆಯ್ತಾ ಕೇಳಿ ಅತ್ತೆ” ಎಂದು ಛೇಡಿಸುತ್ತಿದ್ದೆ. ಅಂಥವಳು ಇದನ್ನು ಬರೆಯಲು ಕೂತಿದ್ದೇನೆಂದು ನನ್ನ ಗಂಡನಿಗೇ ಈಗ ನಗು. ನಗಲಿ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಂದಹಾಗೆ ಇದು ನಡೆದದ್ದು ರಾತ್ರಿಯಲ್ಲ, ಮಟಮಟ ಮಧ್ಯಾಹ್ನ, ತುಂಬಿದ ಬಸ್ಸಿನಲ್ಲಿ.

ನಾಲ್ಕು ವರ್ಷದ ಹಿಂದೆ ನಾವು ಚೆನ್ನೈಗೆ ಬಂದೆವು. ಗಂಡನಿಗೆ ಎಣ್ಣೂರಿನ ಬಂದರಿನಲ್ಲಿ ಕೆಲಸ, ಮಗಳ ಸ್ಕೂಲಿಗಾಗಿ ಮನೆ ಕೀಲ್ಪಾಕಿನಲ್ಲಿ. ಅವರು ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ನನಗೆ ಕೆಲಸವಿಲ್ಲ, ಗೆಳತಿಯರಿಲ್ಲ, ‘ತಮಿಳ್ ತೆರಿಯಾದು’ ಎನ್ನುವುದರಾಚೆಗೆ ತಮಿಳೂ ಇಲ್ಲ. ಮಗಳು ಇಂಚರಾ, ಆಗ ಆರು ವರ್ಷ, ಮೂರೇ ತಿಂಗಳಲ್ಲಿ ತಮಿಳು ಕಲಿತು ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರಿಸತೊಡಗಿದ್ದಳು. ಹೀಗೆ ಮನೆಯೊಳಗೇ ಕೊಳೆತರೆ ಆಗದೆಂದು ನಾನೊಂದು ದಾರಿ ಕಂಡುಕೊಂಡೆ. ಇಲ್ಲಿ ಸಾದಾ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಪ್ರತಿ ಶನಿವಾರ ಊಟ ಮುಗಿಸಿ ಇಬ್ಬರೂ ಸಿಕ್ಕಿದ ಬಸ್ಸು ಹತ್ತುವುದು, ಚೆನ್ನಾಗಿ ಕಂಡ ಕಡೆ ಇಳಿಯುವುದು, ಕಾಲು ಸೋಲುವವರೆಗೆ ಬೀದಿ ಸುತ್ತುವುದು, ಎಳನೀರು ಕುಡಿದು ವಾಪಸು ಬರುವುದು. ಊರು ನನಗೆ ಒಲಿದದ್ದೇ ಹಾಗೆ.

ಆ ಶನಿವಾರ ವಡಪಳನಿಯ ಕಡೆಗೆ ಹೊರಟಿದ್ದೆವು. ಮುರುಗನ ದೇವಸ್ಥಾನದ ಸುತ್ತಿನ ಬೀದಿಗಳನ್ನು ನೋಡುವ ಆಸೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂಬಾಗಿಲ ಹತ್ತಿರದ ಕಿಟಕಿ ಸೀಟು ಹೇಗೋ ಸಿಕ್ಕಿ ಇಂಚರಾಳನ್ನು ಕೂರಿಸಿದೆ. ನೂಕುವ ಜನ ನನ್ನನ್ನು ನಾಲ್ಕು ಸೀಟು ಹಿಂದಕ್ಕೆ ತಳ್ಳಿದರು. ಅವಳ ಪಕ್ಕ ಯಾವುದೋ ಸಿನಿಮಾ ಸ್ಟುಡಿಯೊದಿಂದ ಬರುತ್ತಿದ್ದ ಹೆಂಗಸೊಬ್ಬಳು ಕೂತು ಕತ್ತಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಮಗಳ ಎರಡು ಜಡೆ, ಕೆಂಪು ರಿಬ್ಬನ್ನು ನನಗೆ ಕಾಣುತ್ತಿದ್ದವು. ಎಲ್ಲಿ ಇಳಿಯಬೇಕೆಂದು ತಿಳಿಯಲು ಫೋನು ತೆಗೆದು ಮ್ಯಾಪಿಗೆ ಕಣ್ಣು ಕೀಲಿಸಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅದೇ ನನ್ನ ತಪ್ಪು.

ತಲೆ ಎತ್ತಿದಾಗ ದೇವಸ್ಥಾನದ ಸ್ಟಾಪು ದಾಟಿತ್ತು. ಸೀಟಿನಲ್ಲಿ ಇಂಚರಾ ಇರಲಿಲ್ಲ.

ಜನರನ್ನು ಸೀಳಿಕೊಂಡು ಮುಂದೆ ಹೋದೆ. ಕಾಲ ಕೆಳಗೆ, ಸೀಟಿನ ಸಂದಿ, ಎಲ್ಲೂ ಇಲ್ಲ. ಕೂಗಿದ್ದು ಕನ್ನಡದಲ್ಲೇ ಇರಬೇಕು. ಬಣ್ಣದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಂಡಕ್ಟರು ಹತ್ತಿರ ಬಂದವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ನೀಂಗ ತಾನೇಮ್ಮಾ ಕೋಯಿಲ್ ಸ್ಟಾಪಿಂಗ್‌ಲ ಕೊಳಂದೆಯ ಎರಕ್ಕಿನೀಂಗ? ಮರುಪಡಿ ಎಪ್ಪ ಏರಿನೀಂಗ?”

ನನಗೆ ಬರುತ್ತಿದ್ದ ಅಲ್ಪಸ್ವಲ್ಪದಲ್ಲೂ ಅದು ಅರ್ಥವಾಯಿತು. ದೇವಸ್ಥಾನದ ಸ್ಟಾಪಿನಲ್ಲಿ ಮಗುವನ್ನು ಇಳಿಸಿಕೊಂಡು ಹೋದವಳು ನೀನೇ ತಾನೇ, ಮತ್ತೆ ಯಾವಾಗ ಹತ್ತಿದೆ ಎಂದು ಅವರು ಕೇಳುತ್ತಿದ್ದರು. ಬಣ್ಣದ ಹೆಂಗಸು ಹೌದೆಂದು ತಲೆಯಾಡಿಸಿದಳು.

ಬಸ್ಸು ನಿಲ್ಲಿಸಿ ಇಳಿಸಿದರು. ರಸ್ತೆಯಲ್ಲಿ ಅಳುತ್ತಾ ಕೈ ಅಡ್ಡ ಹಾಕಿದಾಗ ಒಂದು ಆಟೊ ನಿಂತಿತು. ನನ್ನ ಕೂಗಾಟ ಕೇಳಿ ಡ್ರೈವರು, “ಅಳ್ಬೇಡಿ ಅಕ್ಕಾ, ಹತ್ತಿ. ನಾನು ಹೊಸೂರು ಕಡೆಯೋನು, ಕನ್ನಡ ಬರ್ತೈತೆ” ಎಂದ. ಆ ಘಳಿಗೆಗೆ ಅವನೇ ನನ್ನ ಪಾಲಿನ ದೇವರು. ಆದರೆ ಮೆಟ್ರೊ ಕೆಲಸಕ್ಕೆ ರಸ್ತೆಯ ನಡುವೆ ಉದ್ದಕ್ಕೂ ತಗಡು ನಿಲ್ಲಿಸಿದ್ದರು. ತಿರುಗಿಸುವ ಹಾಗಿಲ್ಲ, ಸುತ್ತು ಹಾಕಿಯೇ ಹೋಗಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ಕೊನೆಗೆ ಮೆಲ್ಲಗೆ, “ತಪ್ಪು ತಿಳ್ಕೋಬೇಡಿ ಅಕ್ಕಾ, ನೀವೇ ಇಳಿಸ್ಬಿಟ್ಟು ಮರ್ತಿಲ್ಲ ತಾನೇ?” ಎಂದು ಕೇಳಿದ. ನನಗೆ ಸಿಟ್ಟು ಬರಬೇಕಿತ್ತು, ಭಯ ಬಂತು. ನಾನು ಬಸ್ಸಿನಿಂದ ಇಳಿದಿರಲಿಲ್ಲ ಎಂದು ಆಣೆ ಮಾಡಿ ಹೇಳುವ ಧೈರ್ಯ ಆಗ ನನಗಿತ್ತೇ ಎಂದರೆ, ಇರಲಿಲ್ಲ.

ದೇವಸ್ಥಾನದ ಬಾಗಿಲು ಇನ್ನೂ ತೆರೆದಿರಲಿಲ್ಲ. ಸ್ಟಾಪಿನ ಹತ್ತಿರ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಹೂವಿನವಳ ಬುಟ್ಟಿಯ ಪಕ್ಕದಲ್ಲಿ ಇಂಚರಾ ಕಾಲು ಆಡಿಸುತ್ತಾ ಕೂತಿದ್ದಳು. ಓಡಿಹೋಗಿ ತಬ್ಬಿಕೊಂಡೆ. ಅವಳೇನೂ ಅಳಲಿಲ್ಲ. ನಾನೇಕೆ ಅಳುತ್ತಿದ್ದೇನೆಂದು ಅವಳಿಗೆ ಆಶ್ಚರ್ಯ.

ಹೂವಿನವಳು ಮಾತ್ರ ನನ್ನನ್ನು ಹಿಡಿದು ಬೈಯಲು ಶುರುಮಾಡಿದಳು. ಆಟೊದವನು ಒಂದೊಂದನ್ನೇ ಕನ್ನಡದಲ್ಲಿ ಹೇಳಿದ: “ಮಗು ವಾಂತಿ ಮಾಡ್ಕೊಂತು, ನೀವು ಬಾಯಿ ತೊಳ್ಸಿ ನೀರು ಕುಡ್ಸಿದ್ರಂತೆ. ಒಂದು ಮೊಳ ಹೂ ತಗೊಂಡು ಮುಡ್ಸಿ, ಈಗ ಬಂದೆ ಅಂತ ಹೋದೋರು ಇಷ್ಟೊತ್ತು ಎಲ್ಲೋದ್ರಿ ಅಂತಾಳೆ.” ಅವಳು ಇನ್ನೂ ಏನೋ ಕೇಳಿದಳು. ಅದನ್ನು ಹೇಳಲು ಅವನು ಸ್ವಲ್ಪ ತಡೆದ. “ಆವಾಗ ಜೋರಾಗಿ ತಮಿಳು ಮಾತಾಡ್ತಿದ್ರಂತೆ, ಈಗ್ಯಾಕೆ ಬಾಯಿ ಬರ್ತಿಲ್ಲ ಅಂತ ಕೇಳ್ತಾಳೆ ಅಕ್ಕಾ. ನಿಮ್ ಕನ್ನಡಕ ಎಲ್ಲಿ ಅಂತಾನೂ ಕೇಳ್ತಾಳೆ.” ಅವತ್ತಿಗೆ ನಾನು ಕನ್ನಡಕ ಹಾಕುತ್ತಲೇ ಇರಲಿಲ್ಲ.

ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ, “ಯಾರ್ ಜೊತೆ ಇಳ್ದೆ ಕಂದಾ?”

“ಉನ್ ಕೂಡ ತಾನ್” ಎಂದಳು. ನಿನ್ನ ಜೊತೆಗೇ. “ನಾನ್ ಮೂಣು ತಡವ ಕೂಪ್ಟೇನ್. ನೀ ಫೋನ್ ಪಾತ್ತುಟಿರುಂದ. ಅಪ್ಪರಂ ನೀ ವಂದ.” ವಾಂತಿ ಬರುತ್ತಿದೆ ಎಂದು ಮೂರು ಸಲ ಕರೆದಳಂತೆ. ನಾನು ಫೋನು ನೋಡುತ್ತಿದ್ದೆನಂತೆ. ಆಮೇಲೆ ನಾನು ಬಂದೆನಂತೆ. ಅದರಲ್ಲಿ ಅವಳಿಗೆ ಯಾವ ವಿಚಿತ್ರವೂ ಕಾಣಲಿಲ್ಲ.

ನನ್ನ ಗಂಡನ ವಿವರಣೆ ಸರಳ. ಮಗುವಿಗೆ ವಾಂತಿ ಬಂದದ್ದು ಕಂಡು ಯಾರೋ ಪುಣ್ಯಾತ್ಗಿತ್ತಿ ಇಳಿಸಿಕೊಂಡಿದ್ದಾಳೆ, ಆಮೇಲೆ ಹೆದರಿ ಜಾರಿಕೊಂಡಿದ್ದಾಳೆ. ಅವತ್ತು ನಾನು ಹಾಕಿದ್ದಂಥ ನೀಲಿ ಚೂಡಿದಾರ್ ಊರಲ್ಲಿ ಸಾವಿರ ಜನ ಹಾಕುತ್ತಾರೆ. ಇರಬಹುದು. ನಾನೂ ಹಾಗೆಂದೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಆ ಸಂಜೆ ಮಗಳ ಜಡೆ ಬಿಚ್ಚಿದವಳು ನಾನು. ನಮ್ಮಮ್ಮ ಹೂವನ್ನು ಪಿನ್ನಿನಿಂದ ಮುಡಿಸುತ್ತಿರಲಿಲ್ಲ. ಹೂ ಕಟ್ಟಿದ ದಾರದ ತುದಿಯನ್ನೇ ಜಡೆಯ ಒಂದು ಎಳೆಗೆ ಮೂರು ಸುತ್ತು ಸುತ್ತಿ, ಒಳಗಡೆಗೆ ಗಂಟು ಹಾಕುತ್ತಿದ್ದಳು. ನನಗೆ ಅವಳಿಂದ ಬಂದ ಅಭ್ಯಾಸ ಅದು, ಬೇರೆ ಯಾರೂ ಹಾಗೆ ಮುಡಿಸಿದ್ದನ್ನು ನಾನು ಕಂಡಿಲ್ಲ. ಎಣಿಸಿ ನೋಡಿದೆ. ಮೂರು ಸುತ್ತು. ಗಂಟು ಒಳಗಡೆಗೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ತರಕಾರಿಯವರೊಡನೆ ಜಗಳ ಆಡಿ ಆಡಿ ನನಗೆ ತಮಿಳು ಸರಾಗವಾಗಿದೆ. ಹೋದ ತಿಂಗಳು ಅಕ್ಷರ ಮಸುಕಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಹೊಸ ಕನ್ನಡಕ ಹಾಕಿಕೊಂಡು ಮನೆಗೆ ಬಂದರೆ ಇಂಚರಾ ಹೋಮ್‌ವರ್ಕಿನಿಂದ ತಲೆ ಎತ್ತಿ ಒಮ್ಮೆ ನೋಡಿದಳು. “ಅನ್ನಿಕ್ಕಿ ಬಸ್‌ಲ ಪೋಟಿರುಂದಿಯೇ, ಅದೇ ಕಣ್ಣಾಡಿ” ಎಂದು ಮತ್ತೆ ಬರೆಯತೊಡಗಿದಳು. ಆ ದಿನ ಬಸ್ಸಿನಲ್ಲಿ ಹಾಕಿಕೊಂಡಿದ್ದೆಯಲ್ಲ, ಅದೇ ಕನ್ನಡಕ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತೆ.

ಅದರ ಅರ್ಥವೇನೆಂದು ನನ್ನನ್ನು ಕೇಳಬೇಡಿ. ಎಷ್ಟು ಪ್ರಮಾಣಿಸಿ ನೋಡಿದರೂ ನನ್ನ ವಿಜ್ಞಾನ ಅಲ್ಲಿ ಕೈಚೆಲ್ಲುತ್ತದೆ. ಈಗ ಪ್ರತಿ ಶನಿವಾರ ಮಧ್ಯಾಹ್ನ ಇಂಚರಾ ಡ್ರಾಯಿಂಗ್ ಕ್ಲಾಸಿಗೆ ಹೋದ ಮೇಲೆ, ಈ ಕನ್ನಡಕವನ್ನೂ ಅಂದಿನ ನೀಲಿ ಚೂಡಿದಾರನ್ನೂ ಹಾಕಿಕೊಂಡು ನಾನೊಬ್ಬಳೇ ಆ ಬಸ್ಸು ಹತ್ತುತ್ತೇನೆ. ಫೋನು ಬ್ಯಾಗಿನಿಂದ ತೆಗೆಯುವುದಿಲ್ಲ. ಮುಂಬಾಗಿಲ ಹತ್ತಿರದ ಕಿಟಕಿ ಸೀಟನ್ನೇ ನೋಡುತ್ತಾ ನಿಂತಿರುತ್ತೇನೆ. ಎರಡು ಜಡೆಯ, ಕೆಂಪು ರಿಬ್ಬನ್ನಿನ ಮಗು ಇಲ್ಲಿಯವರೆಗೆ ಅಲ್ಲಿ ಕಂಡಿಲ್ಲ. ಕಂಡರೆ ಏನು ಮಾಡುತ್ತೇನೋ ಗೊತ್ತಿಲ್ಲ. ಆದರೆ ಆ ದಿನ ಅವಳು ಮೂರು ಸಲ ಕರೆದದ್ದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವವರು ಒಬ್ಬರಾದರೂ ಆ ಬಸ್ಸಿನಲ್ಲಿ ಇರಬೇಕಲ್ಲ.