ಅಣ್ಣನ ಕತ್ತಿಯ ಹಿತ್ತಾಳೆ ಬಿಲ್ಲೆ

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಅಲ್ಲಿಯವರೆಗೆ ಮೇಷ್ಟ್ರು ನನಗೆ ಧಾರಾಳವಾಗಿ ಕೊಟ್ಟದ್ದೆಂದರೆ ಸೊನ್ನೆ. ಆಗ ಬೇಡವಾಗಿತ್ತು. ಮುಂದೆ ಒಂದು ಕಾಲ ಬಂತು: ಬಟಾಣಿ ಕಾಳಿನಷ್ಟಗಲದ, ಹುಣಸೆ ಬೀಜದ ಸಿಪ್ಪೆಯಷ್ಟು ತೆಳ್ಳಗಿನ ಒಂದೇ ಒಂದು ಹಿತ್ತಾಳೆ ಸೊನ್ನೆಗಾಗಿ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರು ಅಲೆದೆ. ಸಿಗಲಿಲ್ಲ.

ಮಡಿಚುವ ಕ್ಷೌರದ ಕತ್ತಿಯನ್ನು ನೀವು ನೋಡಿದ್ದೇವೆ ಅನ್ನಬಹುದು. ನೋಡಿರುವುದಿಲ್ಲ. ಕನ್ನಡಿಯ ಮುಂದೆ ಕೂತು ಕತ್ತು ಎತ್ತಿಕೊಟ್ಟವರೆಲ್ಲ ಕಣ್ಣು ಮುಚ್ಚಿಕೊಂಡಿರುತ್ತಾರೆ. ಹಿಡಿಯ ಎರಡು ಪಟ್ಟಿಗಳ ನಡುವೆ ಅಲಗು ಒಂದು ಮೊಳೆಯ ಮೇಲೆ ತಿರುಗುತ್ತದೆ. ಅಲಗಿನ ಆ ಕಡೆಗೊಂದು, ಈ ಕಡೆಗೊಂದು ಬಿಲ್ಲೆ. ಸೈಕಲ್ ಶಾಪಿನವರು ವಾಷರ್ ಅನ್ನುತ್ತಾರೆ. ಎರಡೂ ಇದ್ದರೆ ಅಲಗು ಹೇಳಿದ ಮಾತು ಕೇಳುತ್ತದೆ. ಒಂದು ಹೋದರೆ ಕೂದಲೆಳೆಯಷ್ಟು ವಾಲುತ್ತದೆ. ಕೂದಲೆಳೆಯೆಂದರೆ ಬೇರೆ ಕಸುಬಿನವರಿಗೆ ಸಣ್ಣ ಅಳತೆ, ನಮಗಲ್ಲ.

ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ಅಣ್ಣನದು, ಒಳಗಡೆಯದು ನನ್ನದು. ಅಪ್ಪ ಬಳಸುತ್ತಿದ್ದ ಪರದೇಶದ ಸೀಮೆ ಕತ್ತಿಯೂ ಅಣ್ಣನಿಗೇ ಬಂದಿತ್ತು. ಕೊನೆಗಾಲದಲ್ಲಿ ಅಪ್ಪನ ಕೈ ನಡುಗುತ್ತಿತ್ತು. ಅನ್ನದ ತುತ್ತೂ ಬಾಯಿಗೆ ಸೇರುತ್ತಿರಲಿಲ್ಲ. ಆ ಕತ್ತಿಯನ್ನು ಮುಟ್ಟಬೇಡ ಎಂದು ಅಣ್ಣ ನನಗೆ ಹೇಳಿಟ್ಟಿದ್ದ.

ಒಂದು ವರ್ಷ ಆಯುಧಪೂಜೆಯ ದಿನ ಅಣ್ಣ ಬೂದುಗುಂಬಳ ತರಲು ಹೋಗಿದ್ದ. ಅವನ ಕತ್ತಿಯ ಮೊಳೆಯ ಸುತ್ತ ತುಕ್ಕು ಕಂಡಿತು. ಒಳ್ಳೆಯ ಬುದ್ಧಿ ನನಗೆ ಬರುವುದೇ ಅಪರೂಪ, ಅವತ್ತು ಬಂತು. ಮೊಳೆ ಕಿತ್ತೆ, ತಿಕ್ಕಿದೆ. ಒಂದು ಬಿಲ್ಲೆ ಬೆರಳಿಂದ ಜಾರಿ ನೆಲಕ್ಕೆ ಬಿತ್ತು. ಎಲ್ಲಿ ಬಿತ್ತೋ ಕಾಣೆ. ಮೂಲೆಯಲ್ಲಿ ಗುಡಿಸಿಟ್ಟಿದ್ದ ಕೂದಲನ್ನೆಲ್ಲ ಅಕ್ಕಿ ಆರಿಸಿದ ಹಾಗೆ ಆರಿಸಿದೆ, ಸಿಗಲಿಲ್ಲ. ಅಣ್ಣ ಬರುವ ಹೊತ್ತಾಯಿತು. ಇದ್ದ ಒಂದೇ ಬಿಲ್ಲೆ ಹಾಕಿ, ಮೊಳೆ ಬಡಿದು, ಕುಂಕುಮವಿಟ್ಟು, ಹೂ ಮುಡಿಸಿ ದೇವರ ಮುಂದೆ ಇಟ್ಟುಬಿಟ್ಟೆ. ಕುಂಕುಮ ಇಟ್ಟ ವಸ್ತುವಿನ ಮೇಲೆ ಯಾರು ಅನುಮಾನಪಡುತ್ತಾರೆ?

ಪೂಜೆಯಾದ ಎರಡನೆಯ ದಿನ ಕ್ಷೌರಕ್ಕೆ ಬಂದ ಗೂಳೂರಿನ ಮೇಷ್ಟ್ರೊಬ್ಬರಿಗೆ ಅಣ್ಣನ ಕೈಯಲ್ಲಿ ಕಿವಿಯ ಕೆಳಗೆ ಗಾಯವಾಯಿತು. ಮಾರನೆಯ ದಿನ ಇನ್ನೊಬ್ಬರಿಗೆ. ಅಣ್ಣ ಕತ್ತಿಯನ್ನು ನೋಡಲಿಲ್ಲ, ತನ್ನ ಕೈಯನ್ನು ನೋಡಿಕೊಂಡ.

"ಅಪ್ಪಂಗೂ ಹಿಂಗೇ ಶುರುವಾಗಿದ್ದು ಕಣೋ," ಅಂದ.

ಹೇಳಬೇಕಾಗಿದ್ದುದು ಆಗ. ನಾನು ನನ್ನ ಕತ್ತಿಯನ್ನು ತೊಗಲ ಪಟ್ಟಿಗೆ ಎಳೆಯುತ್ತಲೇ, ಒಂದೆರಡು ದಿನ ಕೂತ್ಕೊಳಣ್ಣ ಸರಿಹೋಗ್ತದೆ ಅಂದೆ. ಅವನು ಕೂತ. ಸೀಮೆ ಕತ್ತಿ ಡ್ರಾಯರ್ ಸೇರಿತು. ಗಿರಾಕಿಗಳಿಗೆ ತೊಂದರೆ ಬೇಡವೆಂದು ನಾನು ಬಾಗಿಲ ಕಡೆಯ ಕುರ್ಚಿಗೆ ಬಂದೆ. ಅಲ್ಲಿ ಬೆಳಕು ಚೆನ್ನಾಗಿದೆ, ಬೀದಿ ಕಾಣುತ್ತದೆ, ಹೋಗುವವರು ನಿಂತು ಮಾತಾಡಿಸುತ್ತಾರೆ. ನನಗದು ಹಿತವಾಗಿತ್ತು. ಬಿಲ್ಲೆ ಕಳೆದದ್ದು ಕೈತಪ್ಪು. ಹಿತವಾಗಿದ್ದಕ್ಕೆ ಏನೆನ್ನಬೇಕೋ ನಾನು ಕಲಿತ ನಾಲ್ಕು ಕ್ಲಾಸಿನಲ್ಲಿ ಹೇಳಿಕೊಡಲಿಲ್ಲ.

ಆದರೂ ಹುಡುಕಿದೆ. ಮಂಗಳವಾರ ನಮ್ಮ ಕಸುಬಿಗೆ ರಜ. ಮೊದಲು ತುಮಕೂರಿನ ಸೈಕಲ್ ಶಾಪುಗಳನ್ನೆಲ್ಲ ಸುತ್ತಿದೆ; ಅಲ್ಲಿದ್ದವು ಅಲಗಿಗಿಂತ ದಪ್ಪ. ಒಂದು ಮಂಗಳವಾರ ರೈಲು ಹತ್ತಿ ಗುಬ್ಬಿಗೆ ಹೋದೆ. ಅಲ್ಲಿನ ವಾಚ್ ರಿಪೇರಿಯವರು ಕಣ್ಣಿನ ಭೂತಗನ್ನಡಿ ತೆಗೆಯದೆ, ಇಂಥದ್ದನ್ನು ಯಾರೂ ಮಾರುವುದಿಲ್ಲ, ಇನ್ನೊಂದು ಕತ್ತಿ ಬಿಚ್ಚಬೇಕು ಅಷ್ಟೆ ಅಂದರು. ನನ್ನ ಕತ್ತಿಯ ಬಿಲ್ಲೆ ಅದರ ಅಳತೆಗೆ ಬರುವಂಥದ್ದಲ್ಲ; ಇನ್ನೊಬ್ಬರ ಕತ್ತಿ ವಾಲಿಸುವಷ್ಟು ಧೈರ್ಯ ನನಗೆ ಬರಲಿಲ್ಲ. ಕುಣಿಗಲ್ಲಿನ ಹಿತ್ತಾಳೆ ಕೆಲಸದವನು ಬಡಿದು ಕೊಟ್ಟದ್ದನ್ನು ಅಲ್ಲಿನ ಕುದುರೆ ಫಾರಂನ ಕುದುರೆಯ ಕೊರಳಿಗೆ ಕಟ್ಟಬಹುದಿತ್ತು, ಅಷ್ಟು ದೊಡ್ಡದು. ಚಲಾವಣೆ ನಿಂತಿದ್ದ ತೂತಿನ ಕಾಸೊಂದು ಮನೆಯಲ್ಲಿತ್ತು. ಅದರ ತೂತೇ ನನ್ನ ಬಿಲ್ಲೆಗಿಂತ ದೊಡ್ಡದು. ಕೊನೆಗೆ ದಾರಿ ತೋರಿಸಿದ್ದು ಟಾರ್ಚಿನ ಸತ್ತ ಸೆಲ್ಲು. ಅದರ ನೆತ್ತಿಯ ಮೇಲೆ ಪುಟ್ಟ ಹಿತ್ತಾಳೆ ಟೋಪಿ ಇರುತ್ತದಲ್ಲ, ಅದನ್ನು ಕಿತ್ತು, ದಬ್ಬಳದಲ್ಲಿ ತೂತು ಹೊಡೆದು, ಸಾಣೆಕಲ್ಲಿಗೆ ಉಜ್ಜಿದೆ. ನಾಲ್ಕು ಹರಿದವು. ಐದನೆಯದು ಕೂತಿತು. ಅಷ್ಟರಲ್ಲಿ ಯುಗಾದಿ ಕಳೆದಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಅಣ್ಣನನ್ನು ಅಂಗಡಿಗೆ ಕರೆದುಕೊಂಡು ಬಂದೆ. ಮುಖಕ್ಕೆ ಸೋಪು ಹಚ್ಚಿಕೊಂಡು, ಅವನ ಕೈಗೆ ಕತ್ತಿ ಕೊಟ್ಟು, ಬಾಗಿಲ ಕಡೆಯ ಕುರ್ಚಿಯಲ್ಲಿ ಕೂತೆ. ಅಲಗು ನೆಟ್ಟಗೆ ಬಿಚ್ಚಿಕೊಂಡಿತು. ಅಣ್ಣನ ಕೈ ನನ್ನ ಕೆನ್ನೆಯ ಹತ್ತಿರ ಬಂತು. ಆಗ ಕನ್ನಡಿಯಲ್ಲಿ ಕಂಡೆ: ಕೈ ನಿಜವಾಗಿಯೂ ನಡುಗುತ್ತಿತ್ತು. ಆರು ತಿಂಗಳು ಕತ್ತಿ ಹಿಡಿಯದೆ, ದಿನವೂ ಅಂಗೈ ನೋಡಿಕೊಂಡು ಕೂತು, ಆ ಕೈ ನಡುಗುವುದನ್ನು ಕಲಿತುಬಿಟ್ಟಿತ್ತು.

ನೊರೆ ಮೆತ್ತಿದ ಬಾಯಲ್ಲೇ ಎಲ್ಲವನ್ನೂ ಹೇಳಿದೆ. ಪೂಜೆ, ತುಕ್ಕು, ಬಿಲ್ಲೆ, ಕುಂಕುಮ. ಹರಿದುಹೋದ ನಾಲ್ಕು ಬಿಲ್ಲೆಗಳನ್ನೂ ಜೇಬಿಂದ ತೆಗೆದು ತೋರಿಸಿದೆ. ಅಣ್ಣ ಅವುಗಳತ್ತ ತಿರುಗಲಿಲ್ಲ. ಕತ್ತಿ ಮಡಿಚಿ ನನ್ನ ತೊಡೆಯ ಮೇಲಿಟ್ಟ. ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮುಖ ಒರೆಸಿದ.

"ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕಟ್ಕೊಂಡು ಬಂದಿದೀಯಲ್ಲೋ," ಅಂದ. "ಬುಡು. ಒಳ್ಳೇವ್ನು ಕಣ್ಲಾ ನೀನು."

ಆಮೇಲೆ ಎಷ್ಟು ಸಲ ಹೇಳಿದರೂ ನಂಬಿಲ್ಲ. ಹೇಳಿದಷ್ಟೂ ನಾನು ಒಳ್ಳೆಯವನಾಗುತ್ತಾ ಹೋಗುತ್ತೇನೆ. ಈಗ ಅವನು ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಾನೆ, ನನ್ ಕೈ ನಡುಗೋದನ್ನೂ ತಮ್ಮ ತನ್ನ ತಲೆ ಮೇಲೆ ಹಾಕ್ಕೊಂಡವ್ನೆ ಅಂತ. ಕುರ್ಚಿಯಲ್ಲಿ ಕೂತವರು ಕನ್ನಡಿಯೊಳಗಿಂದ ನನ್ನನ್ನು ಮೆಚ್ಚಿ ನೋಡುತ್ತಾರೆ. ಕಣ್ಣು ಮುಚ್ಕೊಳಿ ಸ್ವಾಮಿ, ನೊರೆ ಬೀಳ್ತದೆ ಅನ್ನುತ್ತೇನೆ.