ಮುನಿಕೃಷ್ಣಮ್ಮನ ಬೇರೆ ನಂಬರು

ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ಮುನಿಕೃಷ್ಣಮ್ಮನ ಬಾಯಿಗೆ ಹೆದರದವರು ಕಡಿಮೆ. ತರಕಾರಿ ಗಾಡಿಯವನು ಕೂಡ ಅವಳ ಮನೆ ಬಂದಾಗ ಕೂಗುವುದನ್ನು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದ. ಮೊದಲಿಂದಲೂ ಅವಳು ಹಾಗಿದ್ದಳೇ ಎಂದರೆ, ಇರಲಿಲ್ಲ ಎನ್ನುತ್ತಾರೆ ಅವಳನ್ನು ಬಲ್ಲವರು. ಗಂಡ ಪಿಳ್ಳಣ್ಣ ಇದ್ದಾಗ ದ್ರಾಕ್ಷಿ ತೋಟದಲ್ಲಿ ಅವಳ ನಗು ಕೇಳಿಸುತ್ತಿತ್ತಂತೆ.

ಪಿಳ್ಳಣ್ಣ ಎದೆನೋವಿನಿಂದ ತೀರಿಕೊಂಡ. ಅವನ ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಿ ಅನ್ನ ಬಡಿಸುತ್ತಿದ್ದಾಗ, ಹಿತ್ತಿಲಲ್ಲಿ ಯಾರೋ ಟೇಪು ಹಿಡಿದು ಓಡಾಡುತ್ತಿರುವುದು ಮುನಿಕೃಷ್ಣಮ್ಮನಿಗೆ ಕಂಡಿತು. ಪಿಳ್ಳಣ್ಣನ ತಮ್ಮ ಮುನಿರಾಜು ಸರ್ವೇಯರನ್ನು ಕರೆಸಿದ್ದ. ಅನ್ನದ ಸೌಟು ಕೈಯಲ್ಲಿ ಹಿಡಿದುಕೊಂಡೇ ಅವಳು ಹೊರಗೆ ಹೋದಳು.

"ಊಟ ಮುಗಿಯೋಗಂಟನಾದ್ರೂ ಕಾಯಕ್ಕಾಗ್ಲಿಲ್ವೇನೋ ನಿಂಗೆ?"

"ಇವ್ರು ಇನ್ನೊಂದ್ ದಿನ ಸಿಗಲ್ಲ ಅತ್ತಿಗೆ," ಎಂದ ಮುನಿರಾಜು. ಟೇಪಿನ ತುದಿಯನ್ನು ಅವನು ಬಿಡಲಿಲ್ಲ.

ಅಣ್ಣತಮ್ಮಂದಿರ ಜಮೀನು ಭಾಗವಾಯಿತು. ರಸ್ತೆ ಮುಖದ್ದು ಮುನಿರಾಜುವಿಗೆ ಹೋಯಿತು. ಹಿಂದಿನದು, ಕಾರೊಂದು ಕಷ್ಟಪಟ್ಟು ನುಗ್ಗುವ ಓಣಿಯೊಂದಿಗೆ, ಇವಳಿಗೆ ಬಂತು. ಅವತ್ತಿನಿಂದ ಮುನಿಕೃಷ್ಣಮ್ಮ ಒಂದೊಂದನ್ನೇ ಬೇರೆ ಮಾಡಿಕೊಂಡಳು. ಬೋರ್‌ವೆಲ್ ಬೇರೆ ಕೊರೆಸಿದಳು. ಕರೆಂಟು ಮೀಟರು ಬೇರೆ ಹಾಕಿಸಿದಳು. ಅವನು ಕಟ್ಟಿಸಿದ ಕಾಂಪೌಂಡಿಗೆ ತನ್ನದು ತಾಗಬಾರದೆಂದು ಒಂದು ಗೇಣು ಬಿಟ್ಟು ಇನ್ನೊಂದು ಗೋಡೆ ಎಬ್ಬಿಸಿದಳು. ಗಾರೆ ಕೆಲಸದವರು ನಕ್ಕಿದ್ದಕ್ಕೆ ಅವರಿಗೂ ಬೈದಳು.

ಮುನಿರಾಜು ರಸ್ತೆ ಬದಿಗೆ ಗಾಜಿನ ಮುಖದ ಹಾಲ್ ಕಟ್ಟಿಸಿ ಮದುವೆ, ರಿಸೆಪ್ಷನ್‌ಗೆ ಬಾಡಿಗೆಗೆ ಬಿಟ್ಟ. ಮುನಿಕೃಷ್ಣಮ್ಮ ಹಿಂದಿನ ಜಾಗದಲ್ಲಿ 'ಪಿಳ್ಳಣ್ಣ ಪಾರ್ಟಿ ಹಾಲ್' ಎಂದು ಸಣ್ಣದೊಂದು ಕಟ್ಟಿಸಿದಳು. ನಾಮಕರಣ, ಸೀಮಂತ, ನಿಶ್ಚಿತಾರ್ಥ ಅಲ್ಲಿ ನಡೆಯುತ್ತಿದ್ದವು. ಮುನಿರಾಜುವಿನ ಕಡೆ ಮದುವೆ ಇದ್ದ ದಿನ ಕಾರುಗಳು ಬಂದು ಇವಳ ಓಣಿಗೆ ಅಡ್ಡ ನಿಲ್ಲುತ್ತಿದ್ದವು. ಬಾಣಸಿಗರ ಟೆಂಪೋ ಒಳಗೆ ಬರಲಾಗದೆ, ಸಾರಿನ ಹಂಡೆಯನ್ನು ಕೈಯಲ್ಲಿ ಹೊತ್ತು ತರಬೇಕಾಗುತ್ತಿತ್ತು. ಇವಳು ಗೇಟಿನಲ್ಲಿ ನಿಂತು ಬೈಯುತ್ತಿದ್ದಳು, ಅವನು ಮಹಡಿ ಮೇಲಿಂದ ಕೇಳಿಸಿಕೊಳ್ಳುತ್ತಿದ್ದ.

ಹಾಲ್‌ಗೆ ವೆಬ್‌ಸೈಟ್ ಇರಲೇಬೇಕೆಂದು ಜನ ಹೇಳಿದಾಗ ಅವಳು ಹೋದದ್ದು ಸಹಕಾರನಗರದ ಮುರುಗೇಶನ ಹತ್ತಿರ. ಪುಸ್ತಕದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಜಿಮ್‌ಗಳಿಗೆ, ಹಲ್ಲಿನ ಡಾಕ್ಟರುಗಳಿಗೆ ಸೈಟು ಮಾಡಿಕೊಡುತ್ತಿದ್ದವನು. ಅವನು ಮಾಡಿದ್ದು ಚೆನ್ನಾಗಿಯೇ ಇತ್ತು. ಗಿರಾಕಿ ಸೈಟಿನಲ್ಲಿ ತಾರೀಖು ಆರಿಸಿದರೆ ಅವರಿಗೊಂದು ಮೇಲ್ ಹೋಗುತ್ತದೆ, ಅದರಲ್ಲಿನ ಬಟನ್ ಒತ್ತಿದರೆ ತಾರೀಖು ಅವರದ್ದು. ಒತ್ತದಿದ್ದರೆ ಒಂದೆರಡು ದಿನದಲ್ಲಿ ಅದು ತಾನಾಗಿಯೇ ಬಿಟ್ಟುಹೋಗಿ ಬೇರೆಯವರಿಗೆ ಸಿಗುತ್ತದೆ.

ಒಂದು ದಿನ ಗಿರಾಕಿಯೊಬ್ಬರು ಫೋನ್ ಮಾಡಿ, ತಮ್ಮ ಆಫೀಸಿನಲ್ಲಿ ಅವಳ ಸೈಟು ತೆರೆಯುತ್ತಿಲ್ಲ, ಅಪಾಯದ ಸೈಟು ಎಂದು ಕೆಂಪು ಪರದೆ ಬರುತ್ತಿದೆ ಎಂದರು. ಮುನಿಕೃಷ್ಣಮ್ಮ ಆಟೋ ಹತ್ತಿ ನೇರ ಮುರುಗೇಶನ ಕೋಣೆಗೆ ಹೋದಳು.

"ಅಮ್ಮಾ, ಕೂತ್ಕೊಳಿ. ನಿಮ್ ಸೈಟಲ್ಲಿ ಏನೂ ತಪ್ಪಿಲ್ಲ," ಎಂದ ಮುರುಗೇಶ್. "ನಿಮ್ಮ ಐಪಿ ಅಡ್ರೆಸ್ಸಲ್ಲೇ ಇದ್ದ ಯಾರೋ ಒಬ್ಬ ಸುಳ್ ಲಾಟರಿ ಸೈಟ್ ನಡೆಸ್ತಿದ್ದ. ಸೈಟ್‌ಗೆ ಜಾಗ ಕೊಡೋ ಹೋಸ್ಟಿಂಗ್ ಕಂಪನಿಯವ್ರು ಅವನನ್ನ ನಿನ್ನೇನೇ ಕಿತ್ತಾಕಿದಾರೆ. ಈ ಬ್ಲಾಕು ತಾನಾಗೇ ಹೋಗತ್ತೆ."

"ಐಪಿ ಅಂದ್ರೇನಪ್ಪಾ?"

"ಸೈಟು ಕೂತಿರೋ ಜಾಗದ ನಂಬರ್. ಪಿಜಿ ಇದ್ದಂಗೆ ಅಂದ್ಕೊಳಿ. ಅಡ್ರೆಸ್ ಒಂದೇ, ಒಳಗಿರೋರು ಬೇಕಾದಷ್ಟು ಜನ. ಇದಕ್ಕೆ ಶೇರ್ಡ್ ಅಂತಾರೆ. ಒಳಗೊಬ್ಬ ಕಳ್ಳ ಸೇರ್ಕೊಂಡ್ರೆ ಎಲ್ಲರನ್ನೂ ಅನುಮಾನದಿಂದ ನೋಡ್ತಾರೆ, ಅಷ್ಟೇ."

ಆಗಲೇ ಮೇಜಿನ ಮೇಲಿದ್ದ ಅವನ ಫೋನು ರಿಂಗಾಯಿತು. ಪರದೆಯ ಮೇಲೆ ಬಂದ ಹೆಸರನ್ನು ಅವನಿಗಿಂತ ಮೊದಲು ಅವಳು ಓದಿದಳು. ಮುರುಗೇಶ್ ಕಾಲ್ ಕತ್ತರಿಸಿದ. ಮತ್ತೆ ಬಂತು.

"ಎತ್ತು," ಎಂದಳು ಮುನಿಕೃಷ್ಣಮ್ಮ. "ಸ್ಪೀಕರ್ ಆಕು."

ಅವನಿಗೆ ಬೇರೆ ದಾರಿ ಕಾಣಲಿಲ್ಲ.

"ಲೋ ಮುರುಗೇಶಾ," ಎಂದಿತು ಮುನಿರಾಜುವಿನ ದನಿ, "ನನ್ ಹಾಲ್ ಸೈಟ್ ಓಪನ್ ಆಗ್ತಿಲ್ವಲ್ಲೋ! ಏನೋ ಕೆಂಪಗೆ ಬರ್ತಾ ಐತಂತೆ."

"ನೋಡ್ತಿದೀನಿ ಅಣ್ಣಾ, ಆಮೇಲ್ ಮಾಡ್ತೀನಿ," ಎಂದು ಮುರುಗೇಶ್ ಫೋನ್ ಇಟ್ಟ.

ಮುನಿಕೃಷ್ಣಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಅವ್ನೂ ನಾನೂ ಒಂದೇ ನಂಬರ್ನಾಗಿದೀವಾ?"

"ಅಮ್ಮಾ, ನನ್ ಗಿರಾಕಿಗಳು ಸುಮಾರ್ ಜನ ಅದೇ ನಂಬರಲ್ಲಿದಾರೆ..."

"ನಾನ್ ಕೇಳಿದ್ದಕ್ಕೆ ಏಳು."

"ಹೌದು."

"ಅವ್ನ ಗೋಡೆ ಪಕ್ಕ ಇನ್ನೊಂದ್ ಗೋಡೆ ಕಟ್ಸಿದೀನಿ ನಾನು. ನೀನು ಅಲ್ಲಿ ತಗಂಡೋಗಿ ಅವ್ನ ಜೊತೆ ಮಲಗಿಸಿದೀಯಾ ನನ್ ಸೈಟ್ನಾ? ಆ ಕಳ್ಳ ಬೇರೆ ಯಾರೂ ಅಲ್ಲ, ಇವ್ನೇ."

ಮುರುಗೇಶ್ ತಾಳ್ಮೆಯಿಂದಲೇ ವಿವರಿಸಿದ. ಲಾಟರಿಯವನು ಯಾರೋ ಬೇರೆ ದೇಶದವನು, ಮುನಿರಾಜುವಿಗೂ ಅದರಿಂದ ತೊಂದರೆಯೇ ಆಗಿದೆ. ಬೇಕಾದರೆ ಡೆಡಿಕೇಟೆಡ್ ಎಂದು ಒಬ್ಬರಿಗೇ ಒಂದು ನಂಬರು ಸಿಗುತ್ತದೆ, ಅದಕ್ಕೆ ವರ್ಷ ವರ್ಷ ಬೇರೆ ದುಡ್ಡು. ಆದರೆ ಇಷ್ಟು ಸಣ್ಣ ಸೈಟಿಗೆ ಅದು ಬೇಕಿಲ್ಲ. ಅದರಿಂದ ಗೂಗಲ್‌ನಲ್ಲಿ ಮೇಲೆ ಬರುವುದಿಲ್ಲ. ಸೈಟು ಸುರಕ್ಷಿತ ಎಂದು ತೋರಿಸುವ ಬೀಗದ ಗುರುತು ಈಗಲೂ ಇದೆ.

"ಇನ್ನೊಂದ್ ವಿಷ್ಯ. ಗಿರಾಕಿಗಳಿಗೆ ಮೇಲ್ ಹೋಗೋದೂ ಅದೇ ನಂಬರಿಂದ. ಹೊಸ ನಂಬರ್ ಅಂದ್ರೆ ಮೇಲ್ ಕಂಪನಿಗಳಿಗೆ ಗುರುತು ಇರಲ್ಲ. ನಮ್ ಮೇಲ್‌ಗಳನ್ನ ಅನುಮಾನದಿಂದ ನೋಡ್ತಾರೆ. ಮಾಡೋದಾದ್ರೆ ನಿಧಾನಕ್ಕೆ, ನೋಡ್ಕೊಂಡ್ ಮಾಡ್ಬೇಕು."

"ಇವತ್ತೇ ಆಗ್ಬೇಕು. ಆಗಲ್ಲ ಅಂದ್ರೆ ಅವ್ನ ಕಡೆಯವ್ನು ನೀನು ಅಂತ ಊರೆಲ್ಲಾ ಏಳ್ತೀನಿ."

ಮುರುಗೇಶನಿಗೂ ಅಷ್ಟರಲ್ಲಿ ಸಿಟ್ಟು ಬಂದಿತ್ತು. ಅವಳು ಎದುರಿಗೆ ಕೂತಿದ್ದ ಹಾಗೆಯೇ ಹೊಸ ನಂಬರು ಕೊಂಡ, ಸಂಜೆಯೊಳಗೆ ಸೈಟನ್ನು ಅದಕ್ಕೆ ಹಾಕಿದ. ಆ ನಂಬರು ಮೊದಲು ಯಾರ ಕೈಯಲ್ಲಿತ್ತು ಎಂದು ಅವನು ನೋಡಲಿಲ್ಲ.

ಮಾರನೆಯ ದಿನ ಓಣಿಯಲ್ಲಿ ಮುನಿರಾಜು ಸಿಕ್ಕಿದಾಗ ಮುನಿಕೃಷ್ಣಮ್ಮನ ಬಾಯಿ ಸುಮ್ಮನಿರಲಿಲ್ಲ.

"ಐಪಿನೂ ಬೇರೆ ಮಾಡ್ಕಂಡೆ ಕಣೋ. ಇನ್ಮೇಲೆ ನಿನ್ ಗಬ್ಬು ನಂಗ್ ಅಂಟಲ್ಲ."

"ಏನ್ ಬೇರೆ ಮಾಡ್ಕೊಂಡ್ರಿ?" ಎಂದ ಅವನು. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾದಷ್ಟಕ್ಕೆ ನಕ್ಕ. "ಗಾಳಿ ಒಂದ್ ಬಾಕಿ ಐತೆ ಅತ್ತಿಗೆ. ಅದನ್ನೂ ಅಳೆಸ್ಬಿಡಿ."

"ಅಳೆಯೋ ಕೆಲ್ಸ ನಿಂದು. ಅಣ್ಣನ ಎಲೆ ಎತ್ತೋಕ್ ಮುಂಚೆನೇ ಅಳ್ದೋನು ನೀನು."

ಅವನ ನಗು ನಿಂತಿತು. ಬೈಕ್ ಸ್ಟಾರ್ಟ್ ಮಾಡಿಕೊಂಡು ಹೋದ. ಆ ದಿನವಿಡೀ ಮುನಿಕೃಷ್ಣಮ್ಮ ಹಗುರವಾಗಿದ್ದಳು.

ಕೆಲವು ವಾರ ಕಳೆದವು. ಒಂದು ಶನಿವಾರ ಮಧ್ಯಾಹ್ನ ಶೀತಲ್ ಎಂಬ ಹುಡುಗಿ ಹಾಲ್ ನೋಡಲು ಬಂದಳು. ಬಾಗಲಕೋಟೆ ಕಡೆಯವಳು, ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಹೆಗಲ ಮೇಲೆ ಎಳೆಗೂಸು ಮಲಗಿತ್ತು. ಜೊತೆಯಲ್ಲಿ ಅತ್ತೆ ಸಂಗವ್ವ ಇದ್ದಳು. ಹಿಂದೆ ಗೂಡ್ಸ್ ಆಟೋದಲ್ಲಿ ಮರದ ತೊಟ್ಟಿಲು ಬಂದಿತ್ತು. ಮಾರನೆಯ ದಿನ ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಊರಿನಿಂದ ನೆಂಟರು ಬೆಳಗಿನ ರೈಲಿಗೆ ಯಶವಂತಪುರದಲ್ಲಿ ಇಳಿಯುವವರಿದ್ದರು.

ಹಾಲ್ ಒಳಗೆ ಬೇರೆ ಯಾರದೋ ಸೀಮಂತಕ್ಕೆ ಹೂವಿನ ಮಂಟಪ ಏಳುತ್ತಿತ್ತು.

"ಇದೇನ್ರಿ ಇದು? ನಾಳಿ ನಮ್ದು ಐತ್ರಿ," ಎಂದಳು ಶೀತಲ್.

ಮುನಿಕೃಷ್ಣಮ್ಮ ಫೋನಿನಲ್ಲಿ ನೋಡಿದಳು. "ನೀವು ಡೇಟ್ ಆಕಿದ್ರಿ, ಸರಿ. ಮೇಲ್ ಬಂದಿರ್ತದೆ, ನೀವು ಒಪ್ಕಂಡಿಲ್ಲ. ಅದ್ಕೆ ಬೇರೆಯವ್ರಿಗೆ ಓಯ್ತು."

"ಯಾವ ಮೇಲ್ ರಿ? ನನಗ ಏನೂ ಬಂದಿಲ್ಲ. ನಿಮ್ಮ ಸೈಟ್‌ನ್ಯಾಗ ಕೋರಿಕೆ ಮುಟ್ಟೇತಿ ಅಂತ ತೋರ್ಸಿತ್ತು. ಎರಡ ಸಲ ಫೋನ್ ಮಾಡೇನಿ, ನೀವು ಎತ್ಲಿಲ್ಲ."

"ಎಲ್ರೂ ಇಂಗೇ ಏಳೋದು. ಓದ್ದೋರು ನೀವು, ಒಂದ್ ಬಟನ್ ಒತ್ತಕ್ಕಾಗಲ್ವಾ?"

ಸಂಗವ್ವ ಮುಂದೆ ಬಂದಳು. "ಕೂಸಿನ ಹೆಸರ ಇಡಾಕ ಬಂದ ಮಂದಿ ಜೋಡಿ ಹಿಂಗ ಮಾತಾಡ್ತೀಯಲ್ಲ, ನೀ ಒಬ್ಬಾಕಿ ಹೆಣ್ಮಗಳೇನು?"

"ಗೇಟ್ ಮುಂದೆ ಗಲಾಟೆ ಮಾಡ್ಬೇಡಿ. ಒಳಗೆ ಕೆಲ್ಸ ನಡೀತೈತೆ." ಮುನಿಕೃಷ್ಣಮ್ಮ ಗೇಟು ಎಳೆದುಕೊಂಡಳು. ಸದ್ದಿಗೆ ಮಗು ಎದ್ದು ಅಳತೊಡಗಿತು.

ಮುನಿರಾಜು ಓಣಿಯ ತುದಿಯಲ್ಲಿ ನಿಂತಿದ್ದ. ತನ್ನ ಹಾಲ್ ಮಾರನೆಯ ದಿನ ಬೆಳಗ್ಗೆ ಖಾಲಿ ಇದೆ, ಬನ್ನಿ ಎಂದ. ಅವನೇ ಒಂದು ಕೈ ಹಿಡಿದು ತೊಟ್ಟಿಲನ್ನು ಆಟೋದಿಂದ ಇಳಿಸಿಕೊಂಡ. ಮುನಿಕೃಷ್ಣಮ್ಮ ಗೇಟಿನ ಸಂದಿಯಿಂದ ಅದನ್ನೆಲ್ಲ ನೋಡಿದಳು. ಭಾನುವಾರ ಎರಡು ಗೋಡೆಗಳನ್ನು ದಾಟಿ ಜೋಗುಳ ಕೇಳಿಸಿತು. ಅವಳು ಸೀಮಂತದವರ ಬಾಣಸಿಗರ ಮೇಲೆ ಹರಿಹಾಯ್ದಳು.

ಸೋಮವಾರ ಗೂಗಲ್‌ನಲ್ಲಿ ಪಿಳ್ಳಣ್ಣ ಪಾರ್ಟಿ ಹಾಲ್‌ಗೆ ಒಂದೇ ನಕ್ಷತ್ರ ಬಿತ್ತು. ಎಳೆಮಗುವಿನ ಮುಖಕ್ಕೆ ಗೇಟು ಹಾಕಿದರು ಎಂದು ಕೆಳಗೆ ಬರೆದಿತ್ತು. ಅದರ ಹಿಂದೆಯೇ ಇನ್ನೂ ಇಬ್ಬರು ಗಿರಾಕಿಗಳು ಫೋನ್ ಮಾಡಿ, ಮೇಲ್ ಬಂದಿಲ್ಲ, ತಾರೀಖು ಕೈತಪ್ಪಿದೆ ಎಂದು ಕೂಗಾಡಿದರು. ಒಬ್ಬಳಾದರೆ ಸುಳ್ಳು ಎನ್ನಬಹುದಿತ್ತು. ಮುನಿಕೃಷ್ಣಮ್ಮ ಮತ್ತೆ ಸಹಕಾರನಗರಕ್ಕೆ ಹೋದಳು.

ಮುರುಗೇಶ್ ಸೈಟಿನಿಂದ ತನಗೇ ಒಂದು ಮೇಲ್ ಕಳಿಸಿ ನೋಡಿದ. ಅದು ಕಸದ ಮೇಲ್‌ಗಳ ಜೊತೆ ಬಿದ್ದಿತ್ತು. ಬೇರೊಂದು ಖಾತೆಗೆ ಕಳಿಸಿದ್ದು ಒಳಗೇ ಹೋಗದೆ ವಾಪಸು ಬಂತು. ಆ ನಂಬರಿನ ಹಳೆಯ ಕತೆಯನ್ನು ಅವನು ಆಗ ಹುಡುಕಿದ, ಮುಖ ಸಣ್ಣದಾಯಿತು.

"ಈ ನಂಬರ್ ಇಟ್ಕೊಂಡಿದ್ದೋನು ಸಿಕ್ಕ ಸಿಕ್ಕೋರಿಗೆಲ್ಲಾ ಸುಳ್ ಮೇಲ್ ಕಳಿಸಿದಾನೆ. ಅವ್ನ್ ಬಿಟ್ಟೋದ, ಕೆಟ್ಟೆಸ್ರು ಉಳ್ಕೊಂಡಿದೆ. ನಾನ್ ಮೊದ್ಲೇ ಚೆಕ್ ಮಾಡ್ಬೇಕಿತ್ತು. ತಪ್ಪಾಯ್ತು."

"ತಪ್ಪಾಯ್ತಾ? ಬೇಕಂತ್ಲೇ ಮಾಡಿದೀಯ. ಅವ್ನು ಎಷ್ಟ್ ಕೊಟ್ಟ ನಿಂಗೆ?"

ಮುರುಗೇಶ್ ಎದ್ದು ನಿಂತ. "ಬೇಡ ಅಂತ ನಾನ್ ಎಷ್ಟ್ ಹೇಳ್ದೆ? ನೀವು ಕೂತ ಜಾಗದಿಂದ ಏಳ್ಲಿಲ್ಲ. ನೋಡಿ, ಹಳೇ ನಂಬರ್ ಈಗ ಶುದ್ಧವಾಗಿದೆ. ಮುನಿರಾಜಣ್ಣನ ಮೇಲ್ ಎಲ್ಲಾ ಸರಿಯಾಗಿ ಹೋಗ್ತಿದೆ. ಹೂಂ ಅನ್ನಿ, ಈಗ್ಲೇ ವಾಪಸ್ ಹಾಕ್ತೀನಿ. ದುಡ್ಡೂ ಬೇಡ."

ಅದು ಸರಿಯಾದ ಮಾತು ಎಂದು ಮುನಿಕೃಷ್ಣಮ್ಮನಿಗೆ ಗೊತ್ತಾಗಿತ್ತು. ಆದರೆ ಮುನಿರಾಜುವಿನ ಹೆಸರು ಬಂದ ಕೂಡಲೇ ಅವಳ ಕಿವಿ ಮುಚ್ಚಿಕೊಂಡಿತು.

"ಅವ್ನಿರೋ ಕಡೆಗೆ ನಾನ್ ಓಗಲ್ಲ."

"ಹಂಗಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳಿ ಅಮ್ಮಾ. ಪಾಸ್‌ವರ್ಡ್ ಎಲ್ಲಾ ಕಳಿಸ್ತೀನಿ. ನಿಮ್ ಸಹವಾಸ ನಂಗ್ ಬೇಡ."

ಮನೆಗೆ ಬಂದವಳು ಸಂಜೆ ಶೀತಲ್‌ಗೆ ಫೋನ್ ಮಾಡಿದಳು. ತಪ್ಪು ಒಪ್ಪಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ, ಮಾತು ತಡವರಿಸಿತು.

"ನೋಡಮ್ಮಾ... ಮೇಲ್ ನಮ್ ಕಡೆಯಿಂದಾನೇ ಓಗಿಲ್ಲ. ನಿಂದೇನೂ ತಪ್ಪಿಲ್ಲ."

"ಈಗ್ಯಾಕ್ರಿ ಹೇಳ್ತೀರಿ? ರಿವ್ಯೂ ತಗೀಲಿ ಅಂತನ?"

ಆ ಆಸೆ ಮುನಿಕೃಷ್ಣಮ್ಮನಿಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಆ ಕಡೆಯಿಂದ ಕಾಲ್ ಕಟ್ಟಾಯಿತು. ಅವಳು ಮತ್ತೆ ಮಾಡಲಿಲ್ಲ. ಫೋನು ಮಡಿಲಲ್ಲಿಟ್ಟುಕೊಂಡು, ದೀಪ ಹಾಕುವುದನ್ನೂ ಮರೆತು ಜಗಲಿಯ ಮೇಲೆ ಕೂತಿದ್ದಳು. ಆ ಮಗುವಿಗೆ ಏನು ಹೆಸರಿಟ್ಟರೋ ಎಂದು ಒಮ್ಮೆ ಅನ್ನಿಸಿತು.

ಸೈಟು ನೋಡಿಕೊಳ್ಳಲು ಬೇರೆಯವರು ಸಿಗುವತನಕ ಅವಳು ಪ್ರತಿ ಗಿರಾಕಿಗೂ ತಾನೇ ಫೋನ್ ಮಾಡಿದಳು. ಕೆಲವರು ಮೆಚ್ಚಿಕೊಂಡರು. ಕೆಲವರು, ಈ ಹೆಂಗಸು ಬೈಯುತ್ತಿದ್ದಾಳೋ ವಿಚಾರಿಸುತ್ತಿದ್ದಾಳೋ ತಿಳಿಯದೆ ಫೋನ್ ಇಟ್ಟರು.

ಕೊನೆಗೆ ಬಾಗಲೂರಿನಿಂದ ಜ್ಯೋತಿಲಕ್ಷ್ಮಿ ಎಂಬ ವೆಬ್ ಡಿಸೈನರ್ ಬಂದಳು. ಲ್ಯಾಪ್‌ಟಾಪ್ ತೆರೆದು ನೋಡಿ, ಮೇಲ್ ಕಳಿಸುವುದಕ್ಕೇ ಇರುವ ಬೇರೆ ಕಂಪನಿಯ ಮೂಲಕ ಮೇಲ್‌ಗಳನ್ನು ಕಳಿಸುವ ಏರ್ಪಾಡು ಮಾಡಿದಳು. ತಾರೀಖು ತಾನಾಗಿ ಬಿಟ್ಟುಹೋಗುವುದನ್ನು ನಿಲ್ಲಿಸಿದಳು. ಪರೀಕ್ಷೆಗೆಂದು ಕಳಿಸಿದ ಮೇಲ್‌ಗಳು ಸರಿಯಾಗಿ ಮುಟ್ಟಿದವು.

"ಎಲ್ಲಾ ಸರಿ ಹೋಯ್ತು ಆಂಟಿ. ಮೇಲ್‌ಗೂ ಈ ನಂಬರ್‌ಗೂ ಇನ್ನು ಸಂಬಂಧ ಇಲ್ಲ. ಆದ್ರೆ ಇಷ್ಟು ಚಿಕ್ಕ ಸೈಟ್‌ಗೆ ಡೆಡಿಕೇಟೆಡ್ ಐಪಿ ಯಾಕೆ? ಸುಮ್ನೆ ದುಡ್ಡು ಕಟ್ತಿದೀರ. ಶೇರ್ಡ್‌ಗೆ ಹಾಕ್ಬಿಡ್ಲಾ?"

"ಅದೊಂದನ್ನ ಮುಟ್ಬೇಡ."

"ಯಾರಾದ್ರೂ ಬೇಕು ಅಂದ್ರಾ?"

"ನಾನ್ ಅಂದೆ," ಎಂದಳು ಮುನಿಕೃಷ್ಣಮ್ಮ. "ಕಾಫಿ ಕುಡಿ, ಆರೋಯ್ತದೆ."

ಜ್ಯೋತಿಲಕ್ಷ್ಮಿ ಕಾಫಿ ಲೋಟ ಕೈಗೆತ್ತಿಕೊಂಡಳು. ಆ ವರ್ಷವೂ, ಮರು ವರ್ಷವೂ ಮುನಿಕೃಷ್ಣಮ್ಮ ಆ ನಂಬರಿಗೆ ದುಡ್ಡು ಕಟ್ಟಿದಳು.